ಬೆನ್ನು, ಕುತ್ತಿಗೆ ನೋವಿಗೆ ಫಿಸಿಯೋನಾ, ಯೋಗನಾ, ಜಿಮ್ಮಾ? ಕೊಡಗಿನವರಿಗೆ ಒಂದು ಹೋಲಿಕೆ

ನಮ್ಮ ಸುಂಟಿಕೊಪ್ಪದ ಕಡೆ ಯಾರ ಮನೆಗೆ ಹೋದರೂ ಸೊಂಟ ಹಿಡಿದುಕೊಂಡು ಏಳುವವರು ಒಬ್ಬರಾದರೂ ಸಿಗುತ್ತಾರೆ. ತೋಟದಲ್ಲಿ ದುಡಿಯುವವರಿಗೆ ಸೊಂಟ, ಕಂಪ್ಯೂಟರ್ ಮುಂದೆ ಕೂರುವವರಿಗೆ ಕುತ್ತಿಗೆ. ಬೆಳಿಗ್ಗೆ ತೋಟ, ಮಧ್ಯಾಹ್ನ ಲೆಕ್ಕಪತ್ರ ಅಂತ ಎರಡೂ ಕಡೆ ಇರುವ ನನ್ನಂಥವರಿಗೆ ಎರಡೂ. ಆರು ವರ್ಷ ಈ ನೋವಿನ ಜೊತೆ ಓಡಾಡಿದ್ದೇನೆ. ಬೆಲ್ಟು ಕಟ್ಟಿದೆ, ಕರೆಂಟ್ ಶಾಖ ತಗೊಂಡೆ, ಎಣ್ಣೆ ಹಚ್ಚಿಸಿಕೊಂಡೆ, ಯೋಗಕ್ಕೂ ಹೋದೆ. ಕೊನೆಗೆ ನನ್ನನ್ನು ಮತ್ತೆ ಕಾಫಿ ಕಣಕ್ಕೆ ಇಳಿಸಿದ್ದು ಮನೆಯ ಜಗಲಿಯಲ್ಲಿ ನೀರಿನ ಬಕೆಟ್ ಎತ್ತಿ ಇಳಿಸಿದ ವ್ಯಾಯಾಮ.

"ಫಿಸಿಯೋಗೆ ಹೋಗಲಾ, ಯೋಗ ಕ್ಲಾಸಿಗೆ ಸೇರಲಾ, ಮೈಸೂರಿಗೆ ಹೋಗಿ ತೋರಿಸಲಾ?" ಅಂತ ಈಗ ನೆಂಟರು, ಅಕ್ಕಪಕ್ಕದವರು ಕೇಳುತ್ತಾರೆ. ನಾನು ಡಾಕ್ಟರಲ್ಲ. ಆದರೆ ಈ ವಿಷಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಬಹುಪಾಲನ್ನು ನನ್ನ ಮೈಮೇಲೆ ಮಾಡಿ ನೋಡಿದ್ದೇನೆ. ಕೇಳಿದವರಿಗೆಲ್ಲ ಹೇಳುವುದು ಒಂದೇ ಮಾತು. ಎರಡು ಲಕ್ಷಣ ನೋಡಿ ಆರಿಸಿ. ಒಂದು, ನಾಲ್ಕನೇ ತಿಂಗಳಲ್ಲೂ, ಜಡಿಮಳೆಯಲ್ಲೂ ನೀವು ಅದನ್ನು ಮಾಡುತ್ತಿರುವುದು ಸಾಧ್ಯವಾ? ಇನ್ನೊಂದು, ಅದು ದಿನ ಕಳೆದಂತೆ ಸ್ವಲ್ಪ ಸ್ವಲ್ಪವೇ ಕಷ್ಟವಾಗುತ್ತಾ ಹೋಗುತ್ತದಾ? ಈ ಎರಡೂ ಇದ್ದರೆ ಹೆಸರು ಯಾವುದಾದರೂ ಆಗಲಿ.

ಇಲ್ಲಿ ಬರೆಯುತ್ತಿರುವುದು ಮೂರು ತಿಂಗಳಿಗಿಂತ ಹಳೆಯ ನೋವಿನ ಬಗ್ಗೆ. ಮೊನ್ನೆ ತಾನೇ ಹಿಡಿದುಕೊಂಡ ಸೊಂಟ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಬಿಡುತ್ತದೆ. ಹಾಸಿಗೆ ಹಿಡಿಯದೆ, ಆದಷ್ಟು ಓಡಾಡಿಕೊಂಡಿದ್ದರೆ ಸಾಕು.

ವ್ಯಾಯಾಮಕ್ಕಿಂತ ಮೊದಲು ಡಾಕ್ಟರ್ ಬೇಕಾದವರು

ಮೂತ್ರ ಕಟ್ಟಿಕೊಂಡರೆ ಅಥವಾ ಗೊತ್ತಾಗದೆ ಹೋದರೆ, ತೊಡೆಸಂದಿ ಮತ್ತು ಕೂರುವ ಜಾಗ ಮರಗಟ್ಟಿದರೆ, ಕಾಲಿನ ಶಕ್ತಿ ಇಳಿಯುತ್ತಾ ಹೋದರೆ ಅವತ್ತೇ ಆಸ್ಪತ್ರೆಗೆ ಹೊರಡಿ. ರಾತ್ರಿಯಾಗಿದೆ, ಮಳೆ ಬರುತ್ತಿದೆ ಅಂತ ಬೆಳಗಿನವರೆಗೆ ಕಾಯಬೇಡಿ. ಬೆನ್ನುಹುರಿಯ ಕೊನೆಯಲ್ಲಿರುವ ನರಗಳ ಗೊಂಚಲು ಒತ್ತಿಕೊಂಡಾಗ ಹೀಗಾಗುತ್ತದೆ. ಅಲ್ಲಿ ಪ್ರತಿ ಗಂಟೆಗೂ ಬೆಲೆ ಇದೆ.

ಸಂಜೆ ಹೊತ್ತು ಬರುವ ಜ್ವರ, ಸುಮ್ನೆ ಇಳಿಯುವ ತೂಕ, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಟಿಬಿ ಇರಬಹುದಾ ಅಂತ ನೋಡಿಸಬೇಕು. ನಮ್ಮ ದೇಶದಲ್ಲಿ ಇದು ಅಪರೂಪವೇನಲ್ಲ. ಹಿಂದೆ ಕ್ಯಾನ್ಸರ್ ಆದವರು, ತುಂಬಾ ದಿನ ಸ್ಟೀರಾಯ್ಡ್ ಮಾತ್ರೆ ತಗೊಂಡವರು, ಮೆಣಸು ಕುಯ್ಯಲು ಹೋಗಿ ಏಣಿಯಿಂದ ಬಿದ್ದವರು ಕೂಡ ಮೊದಲು ಡಾಕ್ಟರಿಗೆ ತೋರಿಸಲಿ. ಇಪ್ಪತ್ತು, ಮೂವತ್ತರ ವಯಸ್ಸಿನ ಹುಡುಗರಲ್ಲಿ ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಜಾಸ್ತಿ ಬೆನ್ನು ಸೆಟೆದುಕೊಂಡಿದ್ದು, ಓಡಾಡಿದರೆ ಸಡಿಲವಾಗಿ, ಮಲಗಿದರೆ ಮತ್ತೆ ಜಾಸ್ತಿಯಾದರೆ ಅದು ಬೇರೆಯದೇ ಕಾಯಿಲೆ, ಬೆನ್ನುಮೂಳೆಯ ವಾತ ಇರಬಹುದು. ಅದಕ್ಕೆ ಸಂಧಿವಾತದ ಡಾಕ್ಟರ್ ಬೇಕು. ಕುತ್ತಿಗೆ ನೋವಿನ ಜೊತೆ ಅಂಗಿಯ ಗುಂಡಿ ಹಾಕಲು ಬೆರಳು ಬಗ್ಗದಿದ್ದರೆ, ನಡೆಯುವಾಗ ತೂರಾಡಿದರೆ ಅದನ್ನೂ ತಡಮಾಡದೆ ತೋರಿಸಿ.

ಇವು ಯಾವುದೂ ಇಲ್ಲ ಅಂತಾದರೆ, ಹಳೆಯ ಬೆನ್ನುನೋವಿನವರಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ "ಇಂಥ ಜಾಗದ್ದೇ ತೊಂದರೆ" ಅಂತ ಬೆರಳಿಟ್ಟು ತೋರಿಸುವಂಥದ್ದು ಏನೂ ಸಿಗುವುದಿಲ್ಲ. ನೋವು ಮಾತ್ರ ನಿಜವೇ.

ಎಂಆರ್‌ಐ ರಿಪೋರ್ಟ್ ಓದಿ ಹೆದರಿದವರಿಗೆ

ನನ್ನ ರಿಪೋರ್ಟಿನಲ್ಲಿ "ಎಲ್4-ಎಲ್5 ಡಿಸ್ಕ್ ಬಲ್ಜ್" ಅಂತ ಬರೆದಿತ್ತು, ಅಂದರೆ ಸೊಂಟದ ಎರಡು ಮೂಳೆಗಳ ನಡುವಿನ ಮೆತ್ತೆ (ಡಿಸ್ಕ್) ಸ್ವಲ್ಪ ಹೊರಗೆ ಉಬ್ಬಿದೆ ಅಂತ. ಆಗ ನೋಡಿದವರೊಬ್ಬರು "ಇನ್ನು ಮೇಲೆ ಬಗ್ಗಲೇಬೇಡಿ, ಭಾರ ಮುಟ್ಟಲೇಬೇಡಿ" ಅಂದುಬಿಟ್ಟರು. ಎಂಟು ತಿಂಗಳು ನಾನು ಕೆಳಗೆ ಬಿದ್ದ ಚಮಚವನ್ನೂ ಮಗಳಿಂದಲೇ ಎತ್ತಿಸಿದೆ. ಆ ಎಂಟು ತಿಂಗಳಲ್ಲಿ ನೋವು ಕಡಿಮೆಯಾಗಲಿಲ್ಲ. ತೊಡೆ ಮಾತ್ರ ಸಣ್ಣಗಾಯಿತು. ಎರಡು ಮೆಟ್ಟಿಲು ಹತ್ತಿದರೆ ಉಸಿರು ಬರುತ್ತಿತ್ತು.

ಆಮೇಲೆ ಓದಿದ ಒಂದು ವಿಷಯ ನನಗೆ ತುಂಬಾ ಧೈರ್ಯ ಕೊಟ್ಟಿತು. 2015ರಲ್ಲಿ, ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ನೋವಿಲ್ಲದ 20 ವರ್ಷದವರಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಬಲ್ಜ್ ಇತ್ತು. 80 ವರ್ಷದವರಲ್ಲಿ ಅದು ನೂರಕ್ಕೆ 84. ಅಂದರೆ ಕೂದಲು ನರೆತ ಹಾಗೆ ಡಿಸ್ಕಿಗೂ ವಯಸ್ಸಾಗುತ್ತದೆ. ಕಾಲಿಗೆ ಇಳಿಯುವ ನೋವು, ಶಕ್ತಿ ಕುಂದುವುದು ಇವೆಲ್ಲ ಜೊತೆಗೂಡಿದರೆ ರಿಪೋರ್ಟಿಗೆ ಅರ್ಥವಿದೆ. ಬರೀ ಕಾಗದದ ಮೇಲಿನ "ಬಲ್ಜ್" ನೋಡಿ ವ್ಯಾಯಾಮ ಬಿಡುವವರು ಬಿಡಬಾರದ್ದನ್ನೇ ಬಿಟ್ಟ ಹಾಗೆ.

ಬೆಲ್ಟು, ಟ್ರ್ಯಾಕ್ಷನ್, ಕರೆಂಟ್ ಶಾಖ, ಎಣ್ಣೆ

ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸುತ್ತೇನೆ. ಎಲ್ಲದರಲ್ಲೂ ನಾವು ಮಲಗಿರುತ್ತೇವೆ ಅಥವಾ ಕಟ್ಟಿಸಿಕೊಂಡಿರುತ್ತೇವೆ, ಕೆಲಸ ಬೇರೆ ಯಾರೋ ಮಾಡುತ್ತಾರೆ. ಹಾಯೆನಿಸುತ್ತದೆ, ನಿಜ. ಆದರೆ ಸ್ನಾಯುವಿಗೆ ಬಲ ಬರುವುದು ಅದು ತಾನೇ ದುಡಿದಾಗ ಮಾತ್ರ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಬೆನ್ನುನೋವಿನ ಬಗ್ಗೆ ಮಾರ್ಗಸೂಚಿ ಹೊರತಂದಿತು. ಅದರಲ್ಲಿ ವ್ಯಾಯಾಮ ಮತ್ತು ನೋವಿನ ಬಗ್ಗೆ ತಿಳಿವಳಿಕೆಗೆ ಬೆಂಬಲ ಇದೆ. ಮಸಾಜಿಗೂ ಒಂದು ಜಾಗ ಇದೆ. ಸೊಂಟದ ಬೆಲ್ಟು, ಬೆನ್ನನ್ನು ಎಳೆದು ಹಿಡಿಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ, ಚರ್ಮಕ್ಕೆ ಪ್ಯಾಡ್ ಅಂಟಿಸಿ ಕೊಡುವ ಕರೆಂಟ್ ಇವನ್ನು ಮಾಮೂಲಿಯಾಗಿ ಕೊಡಬೇಡಿ ಅಂತಲೇ ಹೇಳಿದೆ. ನಮ್ಮಲ್ಲಿ ಎಷ್ಟೋ ಕಡೆ ಹತ್ತು ದಿನದ ಫಿಸಿಯೋ ಅಂದರೆ ಇವೇ ನಾಲ್ಕು, ಅಲ್ವಾ? ನಾನೂ ಹಾಗೆ ಎರಡು ಸಲ ಹತ್ತು ಹತ್ತು ದಿನ ಹೋಗಿ ಮಲಗಿ ಬಂದೆ. ಹನ್ನೊಂದನೇ ದಿನಕ್ಕೆ ನೋವು ಮತ್ತೆ ಅಲ್ಲೇ ಇರುತ್ತಿತ್ತು.

ಎಣ್ಣೆ, ಬಿಸಿನೀರಿನ ಚೀಲ, ಅಭ್ಯಂಗ ಇವನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಕಕ್ಕಡ ತಿಂಗಳ ಮಳೆಯ ಥಂಡಿಯಲ್ಲಿ ಮೈ ಸೆಟೆದಾಗ ಬಿಸಿ ಶಾಖಕ್ಕಿಂತ ಹಿತವಾದದ್ದು ಇಲ್ಲ. ಶಾಖ ತಗೊಂಡು, ಮೈ ಸಡಿಲವಾದ ಆ ಅರ್ಧ ಗಂಟೆಯಲ್ಲೇ ವ್ಯಾಯಾಮ ಮಾಡಿಬಿಡಿ. ಶಾಖ ಆಗ ಕೆಲಸಕ್ಕೆ ಬಂತು.

ಫಿಸಿಯೋಥೆರಪಿ: ಯಾರಿಗೆ, ಎಷ್ಟು ದಿನ

ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿಲ್ಲದವರಿಗೆ, ನೋವು ಕಾಲಿಗೆ ಅಥವಾ ಕೈಗೆ ಇಳಿಯುವವರಿಗೆ, ಬಗ್ಗಲು ಹೆದರುವವರಿಗೆ ನನ್ನ ಆಯ್ಕೆ ಒಳ್ಳೆಯ ಫಿಸಿಯೋ. ಒಳ್ಳೆಯವರು ಅಂತ ಗುರುತಿಸುವುದು ಹೇಗೆ? ಮಷೀನಿನ ಕಡೆ ಕರೆದುಕೊಂಡು ಹೋಗುವ ಮೊದಲು ನಿಮ್ಮ ಕೆಲಸದ ಬಗ್ಗೆ ಕೇಳಬೇಕು. ನನಗೆ ಮೂರನೇ ಸಲಕ್ಕೆ ಅಂಥವರು ಸಿಕ್ಕಿದರು, ಮಗಳ ವಯಸ್ಸಿನ ಹುಡುಗಿ.

"ಆಂಟಿ, ನೋವು ಎಷ್ಟಿದೆ ಅಂತ ಆಮೇಲೆ ಹೇಳಿ. ನೋವಿನಿಂದ ಏನೇನು ಮಾಡೋದು ಬಿಟ್ಟಿದ್ದೀರಿ, ಅದನ್ನು ಮೊದಲು ಹೇಳಿ."

ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಕಣದಲ್ಲಿ ಕಾಫಿ ತಿರುವಿ ಹಾಕುವುದು ಬಿಟ್ಟಿದ್ದೇನೆ, ಅಕ್ಕಿ ಡಬ್ಬ ಎತ್ತುವುದು ಬಿಟ್ಟಿದ್ದೇನೆ, ಮೊಮ್ಮಗನನ್ನು ಎತ್ತಿಕೊಳ್ಳುವುದು ಬಿಟ್ಟಿದ್ದೇನೆ ಅಂದೆ. ಆ ಮೂರನ್ನೂ ಬರೆದುಕೊಂಡು, "ಹಾಗಾದ್ರೆ ಎತ್ತೋದನ್ನೇ ಕಲಿಯೋಣ" ಅಂದಳು. ಮೂಲೆಯಲ್ಲಿದ್ದ ನೆಲ ಒರೆಸುವ ಕೋಲು ತಂದು ನನ್ನ ಬೆನ್ನಿನ ಉದ್ದಕ್ಕೂ ಹಿಡಿದಳು. ತಲೆಯ ಹಿಂಭಾಗ, ಎರಡು ಹೆಗಲಿನ ನಡುವೆ, ಬಾಲಮೂಳೆ, ಈ ಮೂರು ಕಡೆ ಕೋಲು ತಾಗಿರಬೇಕು. ತಾಗಿದ್ದು ಬಿಡದ ಹಾಗೆ ಕುಂಡಿಯನ್ನು ಹಿಂದಕ್ಕೆ ತಳ್ಳಿ ಬಗ್ಗಬೇಕು. ಮೊದಲ ಐದು ಸಲ ಕೋಲು ತಲೆಯಿಂದ ಜಾರಿತು. ಆರನೇ ಸಲ ಸರಿಯಾದಾಗ ತೊಡೆಯ ಹಿಂಭಾಗ ಎಳೆಯಿತು, ಸೊಂಟ ಸುಮ್ಮನಿತ್ತು. ಐವತ್ತು ವರ್ಷ ನಾನು ಸೊಂಟದಿಂದಲೇ ಬಗ್ಗುತ್ತಿದ್ದೆ, ತೊಡೆಸಂದಿಯಿಂದ ಬಗ್ಗಿದ್ದು ಅವತ್ತೇ ಮೊದಲು.

ನೋವು ಕಾಲಿಗೆ ಇಳಿಯುವವರಿಗೆ ಫಿಸಿಯೋಗಳು ಇನ್ನೊಂದನ್ನು ನೋಡುತ್ತಾರೆ: ಯಾವ ದಿಕ್ಕಿಗೆ ಬಗ್ಗಿದರೆ ನೋವು ಕಡಿಮೆ? ಇದಕ್ಕೆ ಮೆಕೆಂಜಿ ಪದ್ಧತಿ ಅಂತ ಹೆಸರು. ನ್ಯೂಜಿಲೆಂಡಿನ ಫಿಸಿಯೋ ರಾಬಿನ್ ಮೆಕೆಂಜಿ 1956ರಲ್ಲಿ ಇದನ್ನು ಕಂಡುಕೊಂಡದ್ದು ಅಕಸ್ಮಾತ್ತಾಗಿ. ಕಾಲುನೋವಿನ ರೋಗಿಯೊಬ್ಬರು ತಲೆಯ ಕಡೆ ಎತ್ತರಿಸಿಟ್ಟಿದ್ದ ಮಂಚದ ಮೇಲೆ ಹಾಗೇ ಬೋರಲು ಮಲಗಿಬಿಟ್ಟಿದ್ದರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ವಾರಗಳಿಂದ ಇದ್ದ ಕಾಲುನೋವು ಹೋಗಿತ್ತು. ಎಲ್ಲರಿಗೂ ಹಿಂದಕ್ಕೆ ಬಾಗುವುದೇ ಹಿಡಿಸುತ್ತದೆ ಅಂತಿಲ್ಲ. ಪರೀಕ್ಷೆ ಮಾಡಿಯೇ ತಿಳಿಯಬೇಕು. ನೆನಪಿಡಬೇಕಾದ ಗುರುತು ಇಷ್ಟು: ವ್ಯಾಯಾಮ ಮಾಡಿದಾಗ ಕಾಲಿನ ನೋವು ಮೇಲಕ್ಕೆ, ಸೊಂಟದ ಕಡೆಗೆ ಸರಿದರೆ ಒಳ್ಳೆಯದು, ಸೊಂಟದಲ್ಲಿ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಮೊಣಕಾಲು ದಾಟಿ ಪಾದಕ್ಕೆ ಇಳಿದರೆ ಆ ವ್ಯಾಯಾಮ ಅಲ್ಲಿಗೇ ನಿಲ್ಲಿಸಿ.

ದಿನಾ ಹೋಗುವ ಅಗತ್ಯ ಇಲ್ಲ. ಮೊದಲು ವಾರಕ್ಕೊಂದು ಸಲ, ಆಮೇಲೆ ಎರಡು ವಾರಕ್ಕೊಂದು ಸಲ ಹೋಗಿ ತಪ್ಪು ತಿದ್ದಿಸಿಕೊಂಡು ಬಂದರೆ ಸಾಕು. ನಾನು ಮೂರು ತಿಂಗಳಲ್ಲಿ ಹೋದದ್ದು ಎಂಟು ಸಲ. ಉಳಿದದ್ದೆಲ್ಲ ಮನೆಯಲ್ಲಿ.

ಮನೆಯಲ್ಲೇ ಮಾಡುವ ವ್ಯಾಯಾಮ

ಕೊಡಗಿನಂಥ ಜಾಗಕ್ಕೆ ಇದೇ ಹೆಚ್ಚು ಹೊಂದುವುದು ಅಂತ ನನ್ನ ಅಭಿಪ್ರಾಯ. ರೈಲಿಲ್ಲದ ಜಿಲ್ಲೆ, ಬಸ್ಸು ತಪ್ಪಿದರೆ ಒಂದು ಗಂಟೆ ಕಾಯಬೇಕು, ಜುಲೈನಲ್ಲಿ ರಸ್ತೆಗೆ ಮರ ಬಿದ್ದರೆ ಅವತ್ತಿನ ಕ್ಲಾಸು ಹೋಯಿತು. ಜಗಲಿಯಲ್ಲಿ ಮಾಡುವುದಕ್ಕೆ ಯಾವುದೂ ಅಡ್ಡಿಯಿಲ್ಲ.

ನನ್ನ ಸಲಕರಣೆ ಒಂದು ಚಾಪೆ, ಒಂದು ರಬ್ಬರ್ ಬ್ಯಾಂಡ್, ಇಪ್ಪತ್ತು ಲೀಟರಿನ ಖಾಲಿ ಪೇಂಟ್ ಬಕೆಟ್. ಬಕೆಟ್ಟೇ ಏಕೆ? ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ತಕ್ಕಡಿ ಬೇಡ, ಜಿಮ್ಮಿನ ಡಂಬೆಲ್ ಬೇಡ. ಐದು ಲೀಟರಿಗೆ ಶುರು ಮಾಡಿದೆ. ಬಕೆಟ್ಟನ್ನು ಎತ್ತರದ ಮಣೆಯ ಮೇಲೆ, ಎರಡು ಪಾದದ ನಡುವೆ ಇಟ್ಟು, ಕೋಲಿನ ಪಾಠ ನೆನಪಿಟ್ಟುಕೊಂಡು ಎತ್ತಿ ನಿಲ್ಲುವುದು, ಹಾಗೇ ಇಳಿಸುವುದು. ನೀರು ತುಳುಕಿದರೆ ಎಳೆದು ಎತ್ತಿದ್ದೇನೆ ಅಂತ ಗೊತ್ತಾಗುತ್ತದೆ. ನೀರು ಅಲ್ಲಾಡದೆ ಹನ್ನೆರಡು ಸಲ ಎತ್ತಲು ಬಂದು, ಅದು ಎರಡು ದಿನ ಸುಲಭ ಅನ್ನಿಸಿದರೆ ಇನ್ನೆರಡು ಲೀಟರ್ ಸುರಿಯುವುದು. ಒಂದೂವರೆ ತಿಂಗಳಿಗೆ ಮಣೆ ತೆಗೆದು ನೆಲದಿಂದಲೇ ಎತ್ತಿದೆ.

ಇದರ ಜೊತೆ ಕುರ್ಚಿಯ ಮೇಲೆ ಕೂತು ಏಳುವ ಬಸ್ಕಿ. ಅಂಗಾತ ಮಲಗಿ ಸೊಂಟ ಎತ್ತುವ ಸೇತುವೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಮೇಲೆ ಕೆಲಸ ಮಾಡಿದ ಸ್ಟುವರ್ಟ್ ಮೆಕ್‌ಗಿಲ್ ಹೇಳುವ ಮೂರರಲ್ಲಿ ಎರಡು: ಎರಡೂ ಕೈ, ಎರಡೂ ಮೊಣಕಾಲು ಊರಿ ಬಲಗೈ ಜೊತೆ ಎಡಗಾಲು, ಎಡಗೈ ಜೊತೆ ಬಲಗಾಲು ಚಾಚುವುದು, ಮಗ್ಗುಲಾಗಿ ಮೊಣಕೈ ಊರಿ ಸೊಂಟ ಎತ್ತುವುದು. ಇವೆರಡನ್ನೂ ಎಂಟು ಹತ್ತು ಸೆಕೆಂಡ್ ಹಿಡಿದು ಬಿಡಬೇಕು. ಒಂದೇ ಸಲ ಒಂದು ನಿಮಿಷ ಹಿಡಿದು ಉಸಿರು ಕಟ್ಟುವ ಅಗತ್ಯ ಇಲ್ಲ. ಮಗ್ಗುಲಾಗಿ ಮಾಡುವುದು ಕಷ್ಟವಾದರೆ ಪಾದದ ಬದಲು ಮೊಣಕಾಲು ಊರಿ. ವಾರಕ್ಕೆ ಮೂರು ದಿನ, ಅರ್ಧ ಗಂಟೆ. ನಡುವೆ ಒಂದು ದಿನ ಬಿಡುವು.

ನೋವಾದರೆ? ಇದನ್ನು ಎಲ್ಲರೂ ಕೇಳುತ್ತಾರೆ. ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಬಂದು, ಮಾರನೇ ದಿನ ಬೆಳಿಗ್ಗೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿದರೆ ಮುಂದುವರಿಸಬಹುದು. ಮಾರನೇ ದಿನವೂ ಹಾಗೇ ಇದ್ದರೆ ಭಾರ ಕಡಿಮೆ ಮಾಡಿ, ಬಿಟ್ಟುಬಿಡಬೇಡಿ. ನಾನು ಐದನೇ ವಾರದಲ್ಲಿ ಹನ್ನೊಂದು ಲೀಟರಿನಿಂದ ಏಳಕ್ಕೆ ಇಳಿದೆ. ಮತ್ತೆ ಹನ್ನೊಂದಕ್ಕೆ ಬರಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನ ತಾಳಿದ್ದಕ್ಕೇ ಇವತ್ತು ಇಲ್ಲಿದ್ದೇನೆ.

ಸಮಯದ ಬಗ್ಗೆ ಒಂದು ಮಾತು. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ನಮ್ಮ ಎತ್ತರ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಜಾಸ್ತಿ ಇರುತ್ತದೆ. ಎದ್ದ ಕೂಡಲೇ ಬಗ್ಗಿ ಅಂಗಳ ಗುಡಿಸುವುದು, ಕೊಟ್ಟಿಗೆ ಬಾಚುವುದು ಸೊಂಟಕ್ಕೆ ಕಷ್ಟವಾಗುವುದು ಅದಕ್ಕೇ. ಬಗ್ಗುವ ಕೆಲಸವನ್ನೂ ವ್ಯಾಯಾಮವನ್ನೂ ಎದ್ದು ಒಂದು ಗಂಟೆ ಕಳೆದ ಮೇಲೆ ಇಟ್ಟುಕೊಳ್ಳಿ. ಕಾಫಿ ಕುಡಿದು, ತಿಂಡಿಗೆ ಇಟ್ಟು ಬಂದರೆ ಆ ಒಂದು ಗಂಟೆ ಆಗಿರುತ್ತದೆ.

ಮನೆ ವ್ಯಾಯಾಮದ ಒಂದು ದೊಡ್ಡ ತೊಂದರೆ, ಬಿಟ್ಟರೆ ಕೇಳುವವರಿಲ್ಲ. ನಾನು ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಎಷ್ಟು ಲೀಟರ್ ಎತ್ತಿದೆ ಅಂತ ಬರೆದೆ. ಫೋನಿನಲ್ಲಿ ವಿಡಿಯೋ ನೋಡಿ ದಿನಕ್ಕೊಂದು ಹೊಸದು ಮಾಡುವವರು ತುಂಬಾ ಜನ. ದಿನಾ ಬದಲಾದರೆ ಯಾವುದರಲ್ಲೂ ಭಾರ ಏರಿಸಲು ಆಗುವುದಿಲ್ಲ. ಐದಾರು ವ್ಯಾಯಾಮ ಸಾಕು, ಅವನ್ನೇ ಮೂರು ತಿಂಗಳು ಮಾಡಿ.

ಯೋಗ

ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಹಳೆಯ ಬೆನ್ನುನೋವಿನ 320 ಜನರಲ್ಲಿ ಕೆಲವರಿಗೆ 12 ವಾರ ಯೋಗ, ಕೆಲವರಿಗೆ ಫಿಸಿಯೋ ಕೊಟ್ಟು ನೋಡಿದರು. ಫಲ ಹೆಚ್ಚು ಕಡಿಮೆ ಒಂದೇ. ಅಲ್ಲಿ ಕೊಟ್ಟದ್ದು ಬೆನ್ನುನೋವಿನವರಿಗೆಂದೇ ಹೊಂದಿಸಿದ ಮೆತ್ತನೆಯ ಯೋಗ ಅನ್ನುವುದು ನೆನಪಿರಲಿ.

ಒಬ್ಬರೇ ಮಾಡಲು ಬೇಸರ ಪಡುವವರಿಗೆ, ನೋವಿನಿಂದ ನಿದ್ದೆ ಕೆಟ್ಟವರಿಗೆ, ಮನಸ್ಸು ಕುಗ್ಗಿದವರಿಗೆ ಯೋಗ ಕ್ಲಾಸು ಒಳ್ಳೆಯದು. ನಾಲ್ಕು ಜನ ಸೇರುವುದೇ ಒಂದು ಔಷಧ. ಆದರೆ ಮೊದಲ ದಿನವೇ ಗುರುಗಳಿಗೆ ನೋವಿನ ವಿಷಯ ಹೇಳಿ. ಕಾಲಿಗೆ ನೋವು ಇಳಿಯುವವರು ಪಶ್ಚಿಮೋತ್ತಾನಾಸನದಲ್ಲಿ ಬೆರಳು ಹಿಡಿಯಲು ಹಠ ಮಾಡಬಾರದು. ಕುತ್ತಿಗೆ ನೋವಿನವರು ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಬಿಟ್ಟುಬಿಡಿ. ಸೇತುಬಂಧಾಸನ, ಶಲಭಾಸನ, ಭುಜಂಗಾಸನ, ಮಾರ್ಜಾಲಾಸನ ಹೆಚ್ಚಿನವರಿಗೆ ಹೊಂದುತ್ತವೆ.

ನಾನು ಯೋಗದಲ್ಲಿ ಕಂಡ ಕೊರತೆ ಒಂದೇ. ಒಂದು ಹಂತದ ಮೇಲೆ ಭಾರ ಏರುವುದಿಲ್ಲ. ಮೇಜಿನ ಕೆಲಸದವರಿಗೆ ಅಷ್ಟು ಸಾಕಾಗಬಹುದು. ಕಾಫಿ ಚೀಲ ಎತ್ತಬೇಕಾದವರು ಯೋಗದ ಜೊತೆ ಬಕೆಟ್ಟನ್ನೂ ಎತ್ತಲೇಬೇಕು.

ಜಿಮ್

ಮಡಿಕೇರಿ, ಕುಶಾಲನಗರ, ವಿರಾಜಪೇಟೆ, ಗೋಣಿಕೊಪ್ಪದಂಥ ಊರುಗಳಲ್ಲಿ ಇರುವವರಿಗೆ, ಹಾಕಿ ಆಡುವ ಹುಡುಗರಿಗೆ ಇದು ಸರಿಯಾದ ಜಾಗ. ಕೊಡಗಿನಲ್ಲಿ 1997ರಿಂದ ಕುಟುಂಬ ಕುಟುಂಬಗಳ ನಡುವೆ ಹಾಕಿ ಹಬ್ಬ ನಡೆಯುತ್ತದೆ. ಹಾಕಿ ಅಂದರೆ ಗಂಟೆಗಟ್ಟಲೆ ಬಗ್ಗಿಕೊಂಡೇ ಓಡುವ ಆಟ. ಪಂದ್ಯದ ಮುಂಚಿನ ಎರಡು ವಾರ ಅಭ್ಯಾಸ ಮಾಡಿ ಮೈದಾನಕ್ಕಿಳಿದರೆ ಸೊಂಟ ಮಾತಾಡುತ್ತದೆ. ಆಟಗಾರರಿಗೆ ತೊಡೆ, ಕುಂಡಿ, ಬೆನ್ನಿನ ಬಲ ಬೇಕು, ಅದಕ್ಕೆ ನಿಜವಾದ ಭಾರ ಬೇಕು. ಎಂಟರಿಂದ ಹನ್ನೆರಡು ಸಲ ಎತ್ತಬಹುದಾದ ಭಾರ, ವಾರಕ್ಕೆ ಎರಡು ಮೂರು ದಿನ. ಬಗ್ಗುವುದು ಹೇಗೆ ಅಂತ ಕಲಿಸದೆ ಮೊದಲ ದಿನವೇ ಬಾರ್ ಹಿಡಿಸುವ ಜಿಮ್ ಆದರೆ ಬೇಡ.

ನಡಿಗೆ

ಖರ್ಚಿಲ್ಲದ್ದು, ಎಲ್ಲ ವಯಸ್ಸಿಗೂ ಆಗುವಂಥದ್ದು. ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಮ್ಮೆ ಬೆನ್ನುನೋವು ಬಂದು ವಾಸಿಯಾದವರಿಗೆ ಹಂತ ಹಂತವಾಗಿ ನಡಿಗೆ ಹೇಳಿಕೊಟ್ಟರು. ಗುರಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ನಡೆದವರಿಗೆ ನೋವು ಮತ್ತೆ ಬರಲು ನಡುಮಟ್ಟದಲ್ಲಿ 208 ದಿನ ಹಿಡಿಯಿತು. ಏನೂ ಮಾಡದವರಿಗೆ 112 ದಿನ. ಬರೀ ನಡಿಗೆಗೆ ಇದು ದೊಡ್ಡ ಫಲ.

ಆದರೆ ನಮ್ಮಲ್ಲಿ ಎರಡು ಅಡ್ಡಿ ಇದೆ. ಸಿದ್ದಾಪುರ, ವಿರಾಜಪೇಟೆ ಕಡೆಯವರಿಗೆ ಹೇಳಬೇಕಾಗಿಲ್ಲ, ನಸುಕಿನಲ್ಲಿ ತೋಟದ ರಸ್ತೆಗೆ ಇಳಿದರೆ ಎದುರಿಗೆ ಆನೆ ಬರಬಹುದು. ಬೆಳಕು ಹರಿದ ಮೇಲೆ, ಜನ ಓಡಾಡುವ ರಸ್ತೆಯಲ್ಲಿ ಮಾತ್ರ ನಡೆಯಿರಿ. ಇನ್ನೊಂದು ಮಳೆಗಾಲ. ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಬಿದ್ದರೆ ಇದ್ದ ಸೊಂಟವೂ ಹೋಯಿತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಡಿಗೆಯನ್ನೇ ನಂಬಿದವರು ಅದನ್ನು ಬಿಟ್ಟೇ ಬಿಡುತ್ತಾರೆ. ಒಳಗೆ ಮಾಡುವ ಇನ್ನೊಂದು ವ್ಯಾಯಾಮ ಕೈಯಲ್ಲಿರಲಿ.

ಕುತ್ತಿಗೆಗೆ ಬೇರೆ ಲೆಕ್ಕ

ಕುತ್ತಿಗೆ ನೋವಿಗೆ ಜನ ಸಾಮಾನ್ಯವಾಗಿ ಮಾಡುವುದು ತಲೆಯನ್ನು ಗರಗರ ಸುತ್ತಿಸುವುದು. ಆ ಕ್ಷಣಕ್ಕೆ ಸಡಿಲ ಅನ್ನಿಸುತ್ತದೆ, ಅಷ್ಟೆ. ಫಿನ್ಲೆಂಡಿನಲ್ಲಿ ಹಳೆಯ ಕುತ್ತಿಗೆ ನೋವಿದ್ದ ಕಚೇರಿ ಕೆಲಸದ 180 ಹೆಂಗಸರನ್ನು ಒಂದು ವರ್ಷ ಗಮನಿಸಿದರು. 2003ರಲ್ಲಿ ಬಂದ ಆ ಫಲಿತಾಂಶದಲ್ಲಿ ಕುತ್ತಿಗೆ, ಹೆಗಲಿಗೆ ಬಲ ತುಂಬುವ ವ್ಯಾಯಾಮ ಮಾಡಿದವರು, ಬರೀ ಎಳೆದು ಚಾಚುವ ವ್ಯಾಯಾಮದವರಿಗಿಂತ ತುಂಬಾ ಮುಂದಿದ್ದರು.

ಸಮಯವೇ ಇಲ್ಲ ಅನ್ನುವವರಿಗೆ ಡೆನ್ಮಾರ್ಕಿನ 2011ರ ಅಧ್ಯಯನ ನೋಡಿ. ಕುತ್ತಿಗೆ, ಹೆಗಲು ನೋವಿನ ಕಚೇರಿ ಕೆಲಸದವರು ರಬ್ಬರ್ ಬ್ಯಾಂಡನ್ನು ಪಾದದ ಕೆಳಗೆ ಮೆಟ್ಟಿ, ಎರಡೂ ಕೈಯನ್ನು ಪಕ್ಕದಿಂದ ಹೆಗಲ ಮಟ್ಟಕ್ಕೆ ಎತ್ತುತ್ತಿದ್ದರು. ದಿನಕ್ಕೆ ಎರಡೇ ನಿಮಿಷ, ವಾರಕ್ಕೆ ಐದು ದಿನ, ಹತ್ತು ವಾರ. ಹನ್ನೆರಡು ನಿಮಿಷ ಮಾಡಿದವರಂತೆ ಎರಡು ನಿಮಿಷದವರಿಗೂ ನೋವು ಇಳಿಯಿತು. ನಾನು ಇದನ್ನು ಲೆಕ್ಕದ ಪುಸ್ತಕ ತೆರೆಯುವ ಮುಂಚೆ ಮಾಡುತ್ತೇನೆ. ಇದರ ಜೊತೆ ಗದ್ದವನ್ನು ಒಳಕ್ಕೆ ಎಳೆದು ಐದು ಸೆಕೆಂಡ್ ಹಿಡಿಯುವುದು, ಬ್ಯಾಂಡನ್ನು ಜಗಲಿಯ ಕಂಬಕ್ಕೆ ಕಟ್ಟಿ ಮೊಣಕೈ ಹಿಂದಕ್ಕೆ ಎಳೆಯುವುದು. ನನ್ನ ಕುತ್ತಿಗೆಗೆ ಈ ಮೂರೇ ಸಾಕಾಯಿತು, ಸೊಂಟಕ್ಕಿಂತ ಬೇಗ ದಾರಿಗೆ ಬಂತು.

ಮೆಣಸು ಕುಯ್ಯುವವರ ಕುತ್ತಿಗೆ ಬೇರೆ. ಏಣಿಯ ಮೇಲೆ ನಿಂತು ಇಡೀ ದಿನ ತಲೆ ಹಿಂದಕ್ಕೆ ಬಾಗಿಸಿರುತ್ತಾರೆ. ಅವರಿಗೆ ವ್ಯಾಯಾಮಕ್ಕಿಂತ ಮೊದಲು ಬೇಕಾದದ್ದು ಏಣಿಯನ್ನು ಆಗಾಗ ಸರಿಸಿ, ಕೊಯ್ಯುವ ಬಳ್ಳಿ ಮುಖದ ಎತ್ತರಕ್ಕೆ ಬರುವಂತೆ ನೋಡಿಕೊಳ್ಳುವುದು, ಅರ್ಧ ಗಂಟೆಗೊಮ್ಮೆ ಇಳಿದು ಬರುವುದು. ತೋಟದ ಮಾಲೀಕರು ಇಷ್ಟು ಬಿಡುವು ಕೊಡಲೇಬೇಕು. ಚೀಲ ತಲೆಯ ಮೇಲೆ ಹೊತ್ತು ತೂಕಕ್ಕೆ ತರುವವರ ಕುತ್ತಿಗೆಯೂ ನಮ್ಮದರಂಥದ್ದೇ. ಅವರು ಕ್ಲಿನಿಕ್ಕಿಗೆ ಹೋದರೆ ಆ ದಿನದ ಕೂಲಿ ಹೋಗುತ್ತದೆ. ಚೀಲವನ್ನು ಅರ್ಧಕ್ಕೆ ಇಳಿಸುವುದು, ಒಂದು ಕೈಗಾಡಿ ತರಿಸುವುದು ನಮ್ಮ ಕೈಯಲ್ಲಿದೆ.

ಮೈಸೂರು, ಬೆಂಗಳೂರಿನ ಪುನಶ್ಚೇತನ ಕೇಂದ್ರಗಳು

ದೊಡ್ಡ ಊರುಗಳಲ್ಲಿ ಬೆನ್ನಿಗೆಂದೇ ಇರುವ ಕೇಂದ್ರಗಳಿವೆ. ಮಷೀನಿನಲ್ಲಿ ಬೆನ್ನಿನ ಬಲ ಅಳೆದು, ವಾರಗಟ್ಟಲೆ ವ್ಯಾಯಾಮ ಮಾಡಿಸುತ್ತಾರೆ. ಡಾಕ್ಟರ್, ಫಿಸಿಯೋ, ಆಪ್ತಸಲಹೆಗಾರರು ಒಟ್ಟಿಗೆ ಇರುವ ಕಡೆ ತುಂಬಾ ಉಪಯೋಗವೂ ಆಗುತ್ತದೆ. ವರ್ಷಗಟ್ಟಲೆ ನೋವಿನಿಂದ ಕೆಲಸ ಬಿಟ್ಟವರು, ಆಪರೇಷನ್ ಆಗಿಯೂ ನೋವು ಉಳಿದವರು ಹೋಗಿ ನೋಡಬಹುದು. ಆದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ವಾರಕ್ಕೆ ಎರಡು ಸಲ ಹೋಗಿ ಬಂದರೆ, ಗಂಟೆಗಟ್ಟಲೆ ಕಾರಿನಲ್ಲಿ ಕೂತೇ ಸೊಂಟ ಹಿಡಿಯುತ್ತದೆ. ಅಲ್ಲೇ ನೆಂಟರ ಮನೆಯಲ್ಲಿ ಒಂದೆರಡು ತಿಂಗಳು ಉಳಿಯುವ ಅನುಕೂಲ ಇದ್ದರೆ ಮಾತ್ರ ಹೂಂ ಅನ್ನುತ್ತೇನೆ. ಹಣ ಕಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: "ಇಲ್ಲಿ ಮುಗಿದ ಮೇಲೆ ಊರಲ್ಲಿ ನಾನು ಏನು ಮಾಡಬೇಕು, ಬರೆದು ಕೊಡ್ತೀರಾ?" ಅದಕ್ಕೆ ಸರಿಯಾದ ಉತ್ತರ ಬರದಿದ್ದರೆ ವಾಪಸ್ ಬನ್ನಿ.

2021ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಹಳೆಯ ಬೆನ್ನುನೋವು ಮತ್ತು ವ್ಯಾಯಾಮದ 249 ಅಧ್ಯಯನಗಳನ್ನು ಒಟ್ಟು ನೋಡಿದರು. ವ್ಯಾಯಾಮ ಮಾಡಿದವರ ನೋವು, ಮಾಡದವರಿಗಿಂತ ನೂರರಲ್ಲಿ ಸುಮಾರು 15 ಅಂಕ ಕಡಿಮೆಯಾಗಿತ್ತು. ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ನೋವು ಅರ್ಧಕ್ಕರ್ಧ ಇಳಿದು, ಬಿಟ್ಟ ಕೆಲಸಗಳು ಒಂದೊಂದಾಗಿ ಕೈಗೆ ಬಂದರೆ ಅದು ನಿಜವಾದ ಗೆಲುವು.

ಯಾವಾಗ ಶುರು ಮಾಡುವುದು

ಜೂನ್‌ನಲ್ಲಿ. ತೋಟದ ಭಾರದ ಕೆಲಸ ಕಡಿಮೆ, ಮಳೆಯಿಂದ ಮನೆಯೊಳಗೇ ಇರುತ್ತೇವೆ. ಸ್ನಾಯುವಿಗೆ ಬಲ ಬಂತು ಅಂತ ಮೈಗೆ ಗೊತ್ತಾಗಲು ಎಂಟರಿಂದ ಹನ್ನೆರಡು ವಾರ ಬೇಕು. ಜೂನ್‌ನಲ್ಲಿ ಶುರು ಮಾಡಿದವರಿಗೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮೂರು ತಿಂಗಳು ತುಂಬುತ್ತದೆ. ನವೆಂಬರಿನಲ್ಲಿ ಅರೇಬಿಕಾ ಕಾಫಿ ಹಣ್ಣಾಗುವವರೆಗೆ ಇನ್ನೂ ಎರಡು ತಿಂಗಳು ಕೈಯಲ್ಲಿರುತ್ತದೆ. ಕೊಯ್ಲಿನ ನಡುವೆ ಶುರು ಮಾಡಿದರೆ ಎರಡೂ ಭಾರ ಒಟ್ಟಿಗೆ ಬಿದ್ದು ವ್ಯಾಯಾಮಕ್ಕೇ ಕೆಟ್ಟ ಹೆಸರು ಬರುತ್ತದೆ. ಕೊಯ್ಲಿನ ದಿನಗಳಲ್ಲಿ ವಾರಕ್ಕೆ ಒಂದೇ ದಿನ ಮಾಡಿದರೂ ಬಂದ ಬಲ ಉಳಿಯುತ್ತದೆ. ಆ ತಿಂಗಳುಗಳಲ್ಲಿ ಭಾರ ಏರಿಸಲು ಹೋಗಬೇಡಿ.

ಉದುರು ಕಾಫಿ ಹೆಕ್ಕುವಾಗ ಒಂದೇ ಭಂಗಿಯಲ್ಲಿ ಇರಬೇಡಿ. ಸ್ವಲ್ಪ ಹೊತ್ತು ಕುಕ್ಕರಗಾಲು, ಸ್ವಲ್ಪ ಹೊತ್ತು ಒಂದು ಮೊಣಕಾಲು ಊರಿ, ಸ್ವಲ್ಪ ಹೊತ್ತು ನಿಂತು. ಒಂದು ಗಿಡ ಮುಗಿದರೆ ಎದ್ದು ಕೈ ಸೊಂಟಕ್ಕಿಟ್ಟು ಹಿಂದಕ್ಕೆ ಎರಡು ಸಲ ಬಾಗಿ, ಆಮೇಲೆ ಮುಂದಿನ ಗಿಡ.

ನನ್ನ ಬಕೆಟ್ಟು ಐದನೇ ತಿಂಗಳಿಗೆ ಪೂರ್ತಿ ತುಂಬಿತು. ಈಗ ಕಣದಲ್ಲಿ ಕಾಫಿ ತಿರುವುತ್ತೇನೆ, ಸಂಜೆ ರಾಶಿ ಮಾಡಿ ಟಾರ್ಪಾಲು ಎಳೆಯುತ್ತೇನೆ, ಮೊಮ್ಮಗನನ್ನು ಎತ್ತಿಕೊಂಡು ಗೇಟಿನವರೆಗೆ ಹೋಗಿ ಬರುತ್ತೇನೆ. 50 ಕೆಜಿಯ ಚೀಲವನ್ನು ಮಾತ್ರ ಈಗಲೂ ಇಬ್ಬರು ಸೇರಿಯೇ ಎತ್ತುತ್ತೇವೆ.